ಹುಂಜವೋ ಯಾಟೆಯೋ

ನಮ್ಮೂರ ಜಾತ್ರೆಯಲ್ಲಿ ತೇರು ಎಳೆದ ಮಾರನೆಯ ದಿನ ಕೋಳಿಪಿಳ್ಳೆ ಮಾರುವವನು ಬರುತ್ತಿದ್ದ. ಸೈಕಲ್ಲಿನ ಹಿಂದೆ ಅಗಲ ಬಾಯಿಯ ಬಿದಿರು ಮಂಕರಿ, ಅದರ ಮೇಲೊಂದು ಬಲೆ, ಬಲೆಯೊಳಗೆ ಗುಲಾಬಿ, ಹಸಿರು, ನೀಲಿ, ಕಿತ್ತಳೆ ಬಣ್ಣದ ನೂರಾರು ಮರಿಗಳು. ಬತ್ತಾಸಿನ ಅಂಗಡಿ, ಪೀಪಿ ಊದುವವರ ಗಲಾಟೆ ಎಲ್ಲವನ್ನೂ ಮೀರಿ ಆ ಮಂಕರಿಯ ಚಿಲಿಪಿಲಿ ನನ್ನ ಕಿವಿಗೆ ಬೀಳುತ್ತಿತ್ತು. ಒಂಬತ್ತು ವರ್ಷದವನಾಗಿದ್ದಾಗ ಜಾತ್ರೆಗೆಂದು ಕೊಟ್ಟಿದ್ದ ದುಡ್ಡನ್ನೆಲ್ಲ ಸುರಿದು ನಾಲ್ಕು ಮರಿ ತಂದೆ. ಅಜ್ಜಿ ಒಂದನ್ನು ಅಂಗೈ ಮೇಲಿಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, "ಬಣ್ಣ ಹೋಗ್ಲಿ ತಾಳು ಮಗ. ಯಾಟೆ ಆದ್ರೆ ಮೊಟ್ಟೆ ನಿಂಗೆ, ಹುಂಜ ಆದ್ರೆ ಮಾರಮ್ಮಂಗೆ" ಅಂದಳು.

ಹಸಿರು ಮರಿ ಮೊದಲ ರಾತ್ರಿಯ ಚಳಿಗೇ ಹೋಯಿತು. ನೀಲಿಯದನ್ನು ಹದ್ದು ಎತ್ತಿಕೊಂಡಿತು. ಉಳಿದ ಎರಡು ಹೊಸ ಪುಕ್ಕ ಬಂದ ಹಾಗೆಲ್ಲ ಬಣ್ಣ ಕಳೆದುಕೊಂಡು ಬೆಳ್ಳಗಾದವು. ಎರಡೂ ಹುಂಜ. ಮುಂದಿನ ವರ್ಷ ತಂದ ಮೂರರಲ್ಲಿ ಬದುಕಿದ್ದು ಒಂದು, ಅದೂ ಹುಂಜ. ಗೆಳೆಯರ ಮನೆಗಳಲ್ಲೂ ಇದೇ ಕತೆ. ಜಾತ್ರೆಯ ಪಿಳ್ಳೆ ಬೆಳೆದು ಮೊಟ್ಟೆ ಇಟ್ಟದ್ದನ್ನು ನಮ್ಮ ಕೇರಿಯ ಯಾವ ಹುಡುಗನೂ ಕಾಣಲಿಲ್ಲ. ನಮಗೆ ಯಾಟೆಯ ಋಣವಿಲ್ಲ ಎಂದುಕೊಂಡು ಸುಮ್ಮನಾದೆ. ಅದರ ಹಿಂದಿನ ಲೆಕ್ಕ ತಿಳಿಯಲು ನನಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಪಿಳ್ಳೆ ಎನ್ನುವ ಮಾತು ನನಗೆ ಬಹಳ ಇಷ್ಟ. ಅದಕ್ಕೆ ಗಂಡು ಹೆಣ್ಣೆಂಬುದಿಲ್ಲ. ಬಲಿತ ಮೇಲೆ ಹುಂಜ ಬೇರೆ, ಯಾಟೆ ಬೇರೆ. ಮಲೆನಾಡಿನವರ ಬಾಯಲ್ಲಿ ಯಾಟೆ ಹೇಂಟೆಯಾಗುತ್ತದೆ. ಆದರೆ ಮೊಟ್ಟೆ ಒಡೆದು ಬಂದು ಮೈಯ ತೇವ ಆಗಷ್ಟೇ ಆರಿದ ಮರಿಯನ್ನು ಕಣ್ಣ ಮುಂದೆ ಹಿಡಿದರೆ ಪಿಳ್ಳೆ ಎನ್ನದೆ ಬೇರೇನೂ ಹೇಳಲು ಬಾರದು. ಅದೇ ತುಪ್ಪುಳು, ಅದೇ ಕರಿಮಣಿ ಕಣ್ಣು, ಅದೇ ತೂಕ. ಗಂಡಿನ ಗುರುತು ಹೊಟ್ಟೆಯೊಳಗೆ ಅಡಗಿರುತ್ತದೆ, ಹೊರಗೆ ಏನೂ ಇಲ್ಲ. ಕರುವನ್ನೋ ಆಡಿನ ಮರಿಯನ್ನೋ ಹುಟ್ಟಿದ ಕ್ಷಣವೇ ಗುರುತಿಸುವ ರೈತ ಕೋಳಿಮರಿಯ ಮುಂದೆ ಮಾತ್ರ ಕೈಕಟ್ಟಿ ಕಾಯಬೇಕು.

ಅಜ್ಜಿ ಕಾಯುವುದಕ್ಕೂ ಮೊದಲೇ ಒಂದು ಅಂದಾಜು ಹಾಕುತ್ತಿದ್ದಳು. ಕಾವಿಗೆ ಇಡುವಾಗ ಮೊಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ತುದಿ ಚೂಪಾಗಿದ್ದರೆ ಹುಂಜ, ದುಂಡಗಿದ್ದರೆ ಯಾಟೆ ಎಂದು ಆರಿಸುತ್ತಿದ್ದಳು. ಇದು ನಮ್ಮ ಹಟ್ಟಿಯ ನಂಬಿಕೆ ಎಂದುಕೊಂಡಿದ್ದೆ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಕೃಷಿ ಲೇಖಕ ಕೊಲುಮೆಲ್ಲ ಬರೆದಿಟ್ಟದ್ದೂ ಇದನ್ನೇ. ಅವನಿಗೂ ಹಿಂದಿನ ಗ್ರೀಕರ ಅರಿಸ್ಟಾಟಲ್ ಮಾತ್ರ ತಿರುಗಾಮುರುಗಾ ಹೇಳಿದ್ದ: ಉದ್ದನೆಯ ಚೂಪು ಮೊಟ್ಟೆ ಹೆಣ್ಣು, ದುಂಡನೆಯದು ಗಂಡು ಅಂತ. ಅಷ್ಟು ದೊಡ್ಡವನ ಎದುರು ನನ್ನ ಅಜ್ಜಿ ಕೊಲುಮೆಲ್ಲನ ಪಕ್ಷ ಹಿಡಿದಿದ್ದಳೆಂದು ತಿಳಿದಾಗ ಖುಷಿಯಾಯಿತು. ನಿಜ ಹೇಳಬೇಕೆಂದರೆ ಇಬ್ಬರದ್ದೂ ನಿಲ್ಲುವ ಮಾತಲ್ಲ. ಮೊಟ್ಟೆಯ ಆಕಾರ ತಾಯಿಕೋಳಿಯ ಒಡಲಿನ ಅಚ್ಚು. ಒಂದು ಯಾಟೆ ಇಡುವ ಮೊಟ್ಟೆಗಳೆಲ್ಲ ಹೆಚ್ಚುಕಡಿಮೆ ಒಂದೇ ರೂಪದವು, ಒಳಗಿರುವ ಜೀವ ಯಾವುದಾದರೂ ಸರಿ.

ಅಜ್ಜಿಯ ನಿಜವಾದ ವಿದ್ಯೆ ಕಾಣುತ್ತಿದ್ದುದು ಮರಿಗಳಿಗೆ ಮೂರು ನಾಲ್ಕು ವಾರವಾದ ಮೇಲೆ. ಸಂಜೆ ಹೊತ್ತು ಜಗಲಿಯಲ್ಲಿ ಕೂತು ನುಚ್ಚು ಎರಚುವಾಗ ಅವಳ ಕಣ್ಣು ಒಂದೊಂದು ಪಿಳ್ಳೆಯ ಮೇಲೂ ನಿಂತು ಮುಂದೆ ಹೋಗುತ್ತಿತ್ತು. ಗಂಡುಮರಿಯ ಜುಟ್ಟು ಬೇಗ ಕೆಂಪೇರುತ್ತದೆ, ಬುಡ ಅಗಲವಾಗುತ್ತದೆ. ಹೆಣ್ಣಿನದು ಬಹಳ ದಿನ ಮಾಸಲು ಹಳದಿಯಾಗಿ, ಗರಗಸದ ಹಲ್ಲಿನ ಹಾಗೆ ಸಣ್ಣಗೆ ಉಳಿಯುತ್ತದೆ. ಗಂಡಿನ ಕಾಲು ದಪ್ಪ. ಹೆಣ್ಣಿಗೆ ಬಾಲದ ಗರಿ ಬೇಗ ಬಂದು ಅಚ್ಚುಕಟ್ಟಾಗಿ ಕೂರುತ್ತದೆ, ಗಂಡು ಇನ್ನೂ ಮೊಂಡುಬಾಲದಲ್ಲೇ ಓಡಾಡುತ್ತಿರುತ್ತದೆ. ಇನ್ನಷ್ಟು ದಿನ ಕಳೆದರೆ ಕತ್ತಿನ ಗರಿ ನೋಡಿದರೆ ಸಾಕು. ಹುಂಜದ್ದು ಉದ್ದ, ಚೂಪು, ಎಣ್ಣೆ ಸವರಿದಂಥ ಹೊಳಪು; ಯಾಟೆಯದು ಗಿಡ್ಡ, ತುದಿ ದುಂಡು. ಇವುಗಳಲ್ಲಿ ಯಾವ ಒಂದನ್ನೂ ಅವಳು ಒಂಟಿಯಾಗಿ ನಂಬುತ್ತಿರಲಿಲ್ಲ. ನಿಲುವು, ನಡಿಗೆ, ಹದ್ದಿನ ನೆರಳು ಬಿದ್ದಾಗ ಅಡಗುತ್ತದೋ ತಲೆ ಎತ್ತುತ್ತದೋ, ಎಲ್ಲ ಸೇರಿಸಿ, "ಅದು ಹುಂಜ ಕಣೋ, ನಿಂತಿರಾದು ನೋಡು" ಅನ್ನುತ್ತಿದ್ದಳು. ಆರು ವಾರಕ್ಕೆ ಅವಳು ಹೇಳಿದ್ದು ತಪ್ಪಿದ್ದು ನನಗೆ ನೆನಪಿಲ್ಲ.

ಇದನ್ನು ಆರು ವಾರ ಬಿಟ್ಟು ಆರು ಸೆಕೆಂಡಿನೊಳಗೆ ಮಾಡುವ ಜನರಿದ್ದಾರೆ ಎಂದು ಗೊತ್ತಾದದ್ದು ಪರಿಚಯದವರ ಜೊತೆ ಒಂದು ಹ್ಯಾಚರಿಗೆ ಹೋದಾಗ. ಮೊಟ್ಟೆಗೆಂದೇ ಸಾಕುವ ಲೇಯರ್ ಕೋಳಿಯ ಮರಿಗಳು ಅಲ್ಲಿ ಟ್ರೇಗಟ್ಟಲೆ ಹೊರಬರುತ್ತಿದ್ದವು. ಮೂಲೆಯಲ್ಲಿ ಕಣ್ಣು ಕುಕ್ಕುವ ಬಲ್ಬಿನ ಕೆಳಗೆ, ಸ್ಟೂಲಿನ ಮೇಲೆ, ನಾಮಕ್ಕಲ್ ಕಡೆಯ ನಡುವಯಸ್ಸಿನ ಒಬ್ಬರು ಕೂತಿದ್ದರು. ಎಡಗೈ ಮರಿಯನ್ನೆತ್ತಿಕೊಳ್ಳುತ್ತದೆ. ಹೆಬ್ಬೆರಳು ಹೊಟ್ಟೆಯನ್ನು ಮೆತ್ತಗೆ ಒತ್ತಿ ಹಿಕ್ಕೆಯನ್ನು ಒಂದು ಡಬ್ಬಕ್ಕೆ ಹಾರಿಸುತ್ತದೆ. ಮುಂದಿನ ಗಳಿಗೆಯಲ್ಲೇ ಎರಡೂ ಕೈಯ ಬೆರಳುಗಳು ಮಲದ್ವಾರವನ್ನು ಹೂವಿನ ಮೊಗ್ಗು ಬಿಡಿಸಿದ ಹಾಗೆ ಬಿಡಿಸುತ್ತವೆ, ಕಣ್ಣು ಒಮ್ಮೆ ತಗ್ಗುತ್ತದೆ, ಮರಿ ಎಡದ ಪೆಟ್ಟಿಗೆಗೋ ಬಲದ ಪೆಟ್ಟಿಗೆಗೋ ಜಾರುತ್ತದೆ. ಅಷ್ಟರಲ್ಲಿ ಇನ್ನೊಂದು ಮರಿ ಕೈಯಲ್ಲಿರುತ್ತದೆ. ಗಂಟೆಗೆ ಸಾವಿರದ ಆಸುಪಾಸು. ಪಳಗಿದ ಕೈ ನೂರರಲ್ಲಿ 98ನ್ನು ಸರಿಯಾಗಿ ಹೇಳುತ್ತದೆ.

ಅವರು ಹುಡುಕುತ್ತಿದ್ದುದು ಗುಂಡುಸೂಜಿಯ ತಲೆಯಷ್ಟು ಸಣ್ಣ ಒಂದು ಉಬ್ಬನ್ನು. ಗಂಡುಮರಿಯಲ್ಲಿ ಅದು ದುಂಡಗೆ, ಬಿಗಿಯಾಗಿ, ಹೊಳೆಯುತ್ತಿರುತ್ತದೆ. ಹೆಣ್ಣಿನಲ್ಲಿ ಇರುವುದೇ ಇಲ್ಲ, ಇದ್ದರೂ ಚಪ್ಪಟೆಯಾಗಿ, ಬೆರಳು ತಾಗಿದರೆ ಮಾಯವಾಗುವಷ್ಟು ಮೆತ್ತಗೆ. ಕೆಲವು ಹೆಣ್ಣಿನ ಉಬ್ಬು ಗಂಡಿನ ಉಬ್ಬಿಗೆ ಬಹಳ ಹತ್ತಿರ ಬಂದು ಮೋಸ ಮಾಡುತ್ತದೆ. ಹುಟ್ಟಿದ ಮೊದಲ ದಿನ ಕಳೆದರೆ ನೋಡುವುದು ಇನ್ನೂ ಕಷ್ಟ. ನನಗೂ ಒಂದು ಮರಿಯನ್ನು ತೋರಿಸಿದರು. ನನಗೆ ಕಂಡದ್ದು ಕೆಂಪನೆಯ ತೇವ ಚರ್ಮ, ಅಷ್ಟೇ. ನಿಮಗೆ ಹೇಗೆ ಕಾಣುತ್ತದೆ ಎಂದು ಕೇಳಿದೆ. "ನೋಡ್ತಾ ನೋಡ್ತಾ ಬರುತ್ತೆ ಸಾರ್" ಎಂದರು. ಅಜ್ಜಿಯೂ ಇದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ.

ಈ ವಿದ್ಯೆಯ ತವರು ಜಪಾನ್. ಟೋಕಿಯೋದ ವಿಜ್ಞಾನಿ ಕಿಯೋಶಿ ಮಸುಯಿ ಮತ್ತು ಸಂಗಡಿಗರು 1920ರ ದಶಕದಲ್ಲಿ ಆ ಸಣ್ಣ ಉಬ್ಬನ್ನು ಕಂಡುಕೊಂಡು, 1927ರಲ್ಲಿ ಕೆನಡಾದ ಒಟ್ಟಾವದಲ್ಲಿ ನಡೆದ ವಿಶ್ವ ಕೋಳಿ ಸಮ್ಮೇಳನದಲ್ಲಿ ಲೋಕಕ್ಕೆ ತಿಳಿಸಿದರು. ಜಪಾನಿನಲ್ಲಿ ಇದಕ್ಕೆಂದೇ ಶಾಲೆ ಹುಟ್ಟಿತು. 1930ರ ದಶಕದಲ್ಲಿ ಅಲ್ಲಿನ ಪರಿಣತರನ್ನು ಅಮೆರಿಕ ಕೆನಡಾಗಳ ಹ್ಯಾಚರಿಗಳು ಕರೆಸಿಕೊಂಡವು. ಅಮೆರಿಕದಲ್ಲೇ ಹುಟ್ಟಿದ ಜಪಾನಿ ಮಕ್ಕಳು ಕಲಿತು ಅದನ್ನೇ ಕಸುಬು ಮಾಡಿಕೊಂಡರು. ಮುಂದೆ ಆ ಸ್ಟೂಲಿನ ಮೇಲೆ ಕೊರಿಯಾದವರು ಕೂತರು. 2020ರ 'ಮಿನಾರಿ' ಸಿನಿಮಾದಲ್ಲಿ ಅರ್ಕಾನ್ಸಾಸ್‌ಗೆ ಬಂದಿಳಿದ ಕೊರಿಯಾದ ಗಂಡಹೆಂಡತಿ ಹೊಟ್ಟೆಪಾಡಿಗೆ ಮಾಡುವುದು ಇದೇ ಕೆಲಸ. ಭಾಷೆ ಬಾರದ ಊರಿನಲ್ಲಿ ಕಣ್ಣು ಬೆರಳುಗಳೆರಡನ್ನೇ ನಂಬಿ ಮರ್ಯಾದೆಯಿಂದ ಬದುಕಿದ ಈ ಜನರ ಬಗ್ಗೆ ನನಗೆ ತುಂಬು ಗೌರವ.

"ನೋಡ್ತಾ ನೋಡ್ತಾ ಬರುತ್ತೆ" ಎಂಬ ಮಾತನ್ನು ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು, ಇರ್ವಿಂಗ್ ಬೀಡರ್‌ಮನ್ ಮತ್ತು ಮ್ಯಾಗಿ ಶಿಫ್ರಾರ್, 1987ರಲ್ಲಿ ಪರೀಕ್ಷೆಗೆ ಒಡ್ಡಿದರು. ಐವತ್ತು ವರ್ಷದಲ್ಲಿ ಐದೂವರೆ ಕೋಟಿ ಮರಿ ನೋಡಿದ್ದ ಒಬ್ಬ ಹಿರಿಯನ ಬಳಿ ಕೂತು, ನೀನು ಎಲ್ಲಿ ನೋಡುತ್ತೀಯ, ಏನನ್ನು ನೋಡುತ್ತೀಯ ಎಂದು ಬಿಡಿಸಿ ಬಿಡಿಸಿ ಕೇಳಿದರು. ಉಬ್ಬಿದ್ದರೆ ಗಂಡು, ಚಪ್ಪಟೆಯೋ ತಗ್ಗೋ ಇದ್ದರೆ ಹೆಣ್ಣು, ನೋಡಬೇಕಾದ ಜಾಗ ಇದು ಎಂದು ಒಂದು ಹಾಳೆಯಲ್ಲಿ ಬರೆದು, ಕೋಳಿಯ ಗಂಧವೇ ಇಲ್ಲದವರಿಗೆ ಕೊಟ್ಟರು. ಮರಿಗಳ ಚಿತ್ರ ನೋಡಿ ಅದುವರೆಗೆ ನೂರಕ್ಕೆ ಅರವತ್ತರಷ್ಟು ಸರಿ ಹೇಳುತ್ತಿದ್ದವರು ಆ ಹಾಳೆ ಓದಿದ ಮೇಲೆ ಎಂಬತ್ತು ದಾಟಿದರು. ವರ್ಷಗಟ್ಟಲೆ ಕೂತು ಕಲಿತದ್ದರ ಒಂದು ದೊಡ್ಡ ಭಾಗ, ಸರಿಯಾಗಿ ಕೇಳುವವರು ಸಿಕ್ಕರೆ, ಮಾತಿಗೆ ಬರುತ್ತದೆ. ಇದನ್ನು ಓದಿದಾಗ ನನಗೆ ಸಂಕಟವೂ ಆಯಿತು. ಅಜ್ಜಿಯ ಪಕ್ಕ ಅಷ್ಟು ಸಂಜೆ ಕೂತಿದ್ದೆ. ಎಲ್ಲಿ ನೋಡಬೇಕು ಎಂದು ಇನ್ನೂ ನಾಲ್ಕು ಮಾತು ಕೇಳಬಹುದಿತ್ತು.

ಮಲದ್ವಾರವನ್ನು ಮುಟ್ಟದೆ ಹೇಳುವ ಉಪಾಯಗಳೂ ಇವೆ. ಹಕ್ಕಿಗಳಲ್ಲಿ ಗಂಡಿಗೆ ಒಂದೇ ಬಗೆಯ ಎರಡು ಲಿಂಗ ವರ್ಣತಂತು, ಹೆಣ್ಣಿಗೆ ಎರಡು ಬೇರೆ ಬೇರೆ. ಅಂದರೆ ಮರಿ ಗಂಡೋ ಹೆಣ್ಣೋ ಎಂಬುದನ್ನು ಅಲ್ಲಿ ತೀರ್ಮಾನಿಸುವವಳು ತಾಯಿ. ಮನುಷ್ಯರಲ್ಲಿ ಅದು ತಂದೆಯ ಕಡೆಯಿಂದ ಬರುತ್ತದೆ, ಆದರೂ ಹೆಣ್ಣು ಹೆತ್ತಳೆಂದು ಸೊಸೆಯನ್ನು ಹಂಗಿಸಿದ ಮನೆಗಳನ್ನು ನಾನು ನೋಡಿದ್ದೇನೆ. ಇರಲಿ. ಹುಂಜಕ್ಕೂ ಯಾಟೆಗೂ ಇರುವ ಈ ವ್ಯತ್ಯಾಸವನ್ನು ಹಿಡಿದು, ಕೆಂಪು ರೋಡ್ ಐಲೆಂಡ್ ಹುಂಜವನ್ನು ಬೂದುಪಟ್ಟೆಯ ಪ್ಲೈಮೌತ್ ರಾಕ್ ಯಾಟೆಗೆ ಕೂಡಿಸಿದರೆ, ಹುಟ್ಟುವ ಕಪ್ಪು ಮರಿಗಳಲ್ಲಿ ಗಂಡಿನ ನೆತ್ತಿಯ ಮೇಲೆ ಬಿಳಿ ಬೊಟ್ಟಿರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಕಾಳಿಗೆ ಬರ ಬಂದಾಗ ಕೇಂಬ್ರಿಜಿನ ರೆಜಿನಾಲ್ಡ್ ಪನೆಟ್ ಇಂಥ ಬಣ್ಣದ ಗುರುತನ್ನು ಬಳಸಿ ಗಂಡುಮರಿಗಳನ್ನು ಮೊದಲ ದಿನವೇ ಬೇರೆ ಮಾಡಿ ಎಂದು ಸಲಹೆ ಕೊಟ್ಟ. ಇನ್ನು ಕೆಲವು ತಳಿಗಳಲ್ಲಿ ರೆಕ್ಕೆ ಬಿಡಿಸಿದರೆ ಹೆಣ್ಣಿನ ಗರಿಗಳು ಒಂದು ಉದ್ದ ಒಂದು ಗಿಡ್ಡ, ಗಂಡಿನವು ಸಮಸಮ. ಇದನ್ನು ಓದಿ ಮನೆಯ ನಾಟಿ ಮರಿಗಳ ರೆಕ್ಕೆ ಬಿಡಿಸಿದರೆ ಏನೂ ತಿಳಿಯದು. ಆ ಗುಣವನ್ನು ಗೊತ್ತುಮಾಡಿ ಕೂಡಿಸಿದ ತಳಿಗಳಲ್ಲಿ ಮಾತ್ರ ಅದು ಗುರುತಾಗುತ್ತದೆ.

ಹ್ಯಾಚರಿಯಿಂದ ಹೊರಡುವ ಮುಂಚೆ ಗಂಡುಮರಿ ಏನು ಮಾಡುತ್ತೀರಿ ಎಂದು ಕೇಳಿದೆ. ತಲೆ ಎತ್ತದೆ ಅವರು ಹೇಳಿದರು: "ತಗೊಂಡ್ ಹೋಗೋರು ಬರ್ತಾರೆ ಸಾರ್. ಬಣ್ಣ ಹಾಕಿ ಜಾತ್ರೇಲಿ ಮಾರ್ತಾರೆ."

ಗುಲಾಬಿ, ಹಸಿರು, ನೀಲಿ. ನನ್ನ ನಾಲ್ಕು ಮರಿಗಳನ್ನೂ ನನಗಿಂತ ಮೊದಲು ಯಾರೋ ಇಂಥದ್ದೇ ಬಲ್ಬಿನ ಕೆಳಗೆ ಬಿಡಿಸಿ ನೋಡಿ ಬೇಡದ ಪೆಟ್ಟಿಗೆಗೆ ಹಾಕಿದ್ದರು. ವರ್ಷಕ್ಕೆ 300ರಷ್ಟು ಮೊಟ್ಟೆ ಇಡುವ ತಳಿಯ ಗಂಡು ಮೊಟ್ಟೆ ಇಡದು, ಬ್ರಾಯ್ಲರಿನಂತೆ ಆರು ವಾರಕ್ಕೆ ಮೈಯನ್ನೂ ತುಂಬಿಕೊಳ್ಳದು. ಮೇವಿನ ಲೆಕ್ಕಕ್ಕೆ ಅದು ನಷ್ಟ. ಲೋಕದಲ್ಲಿ ವರ್ಷಕ್ಕೆ ಸುಮಾರು 700 ಕೋಟಿ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಆ ಬೆರಳಿನ ಚಳಕವನ್ನು ಎಷ್ಟು ಮೆಚ್ಚಿದರೂ, ಅದು ಯಾತಕ್ಕೆ ಬೇಕಾಯಿತೆಂಬುದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಜರ್ಮನಿ 2022ರ ಜನವರಿ 1ರಿಂದ ಈ ಕೊಲೆಯನ್ನು ನಿಷೇಧಿಸಿತು, ಫ್ರಾನ್ಸ್ ಹಿಂದೆಯೇ ಬಂತು. ಅಲ್ಲೀಗ ಮರಿ ಆಗುವುದಕ್ಕೆ ಮುಂಚೆ, ಮೊಟ್ಟೆಯಲ್ಲೇ ನೋಡುತ್ತಾರೆ. ಲೇಸರಿನಿಂದ ಕೂದಲೆಳೆಯಷ್ಟು ತೂತು ಮಾಡಿ ಒಂದು ಹನಿ ತೆಗೆದು ಹಾರ್ಮೋನು ಪರೀಕ್ಷಿಸುವುದು ಒಂದು ದಾರಿ. ಕಂದು ತಳಿಗಳಲ್ಲಿ ಚಿಪ್ಪಿನ ಮೂಲಕ ಬೆಳಕು ಹಾಯಿಸಿ ಒಳಗೆ ಮೂಡುತ್ತಿರುವ ತುಪ್ಪುಳಿನ ಬಣ್ಣ ನೋಡುವುದು ಇನ್ನೊಂದು. ಭ್ರೂಣದ ಲಿಂಗಪತ್ತೆ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮವರ ಎದೆ ಝಲ್ಲೆನ್ನುತ್ತದೆ. ಮನುಷ್ಯರಲ್ಲಿ ಅದನ್ನು ತಡೆಯಲು 1994ರಲ್ಲಿ ಕಾನೂನು ತಂದ ದೇಶ ನಮ್ಮದು. ಆದರೆ ಕಣ್ಣು ಬಿಟ್ಟು ಕೂಗುವ ಮರಿಯನ್ನು ಕೊಲ್ಲುವುದಕ್ಕಿಂತ ಇದು ಮೇಲು ಎಂದೇ ನನ್ನ ಎಣಿಕೆ. ಇನ್ನೂ ಮೇಲಾದ ದಾರಿಯೂ ನಮ್ಮಲ್ಲೇ ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ತಳಿಗಳಲ್ಲಿ ಯಾಟೆ ಮೊಟ್ಟೆಗಾಗುತ್ತದೆ, ಹುಂಜ ಮಾಂಸಕ್ಕಾಗುತ್ತದೆ. ಹಿತ್ತಲಲ್ಲಿ ಬಿಟ್ಟು ಸಾಕುವವರು ಮರಿಯ ಲಿಂಗ ಕೇಳದೆ ಒಯ್ಯಬಹುದು. ಹುಂಜಕ್ಕೂ ಒಂದು ಜಾಗವಿರುವ ಕಡೆ ಮೊದಲ ದಿನವೇ ತಿಳಿಯುವ ಅವಸರ ಯಾರಿಗೂ ಇಲ್ಲ. ಅಜ್ಜಿಯ ಜಗಲಿಯಲ್ಲಿ ಆರು ವಾರದ ಪುರುಸೊತ್ತು ಇದ್ದದ್ದು ಅದಕ್ಕೇ.

ನನ್ನ ಆ ಎರಡು ಬಿಳಿ ಹುಂಜಗಳಲ್ಲಿ ಒಂದು ಹೇಳಿದಂತೆ ಮಾರಮ್ಮನಿಗೆ ಹೋಯಿತು. ಇನ್ನೊಂದನ್ನು ನಾನು ಅತ್ತು ಉಳಿಸಿಕೊಂಡೆ. ಮೂರು ವರ್ಷ ಬೇಲಿಯ ಮೇಲೆ ಹತ್ತಿ ಕೂಗಿ ಇಡೀ ಕೇರಿಯನ್ನು ಎಬ್ಬಿಸಿತು.

ನಿಮ್ಮ ಹಿತ್ತಲಲ್ಲಿ ಈಗ ಪಿಳ್ಳೆಗಳಿದ್ದರೆ ಒಂದು ಮಾತು. ಹಿಂಭಾಗ ಒತ್ತಿ ನೋಡಲು ದಯವಿಟ್ಟು ಹೋಗಬೇಡಿ. ಪಳಗದ ಕೈ ಒತ್ತಿದರೆ ಒಳಗೆ ಪೆಟ್ಟಾಗಿ ಮರಿ ಸಾಯಲೂಬಹುದು. ಸಂಜೆ ನುಚ್ಚು ಎರಚಿ ಪಕ್ಕದಲ್ಲಿ ಕೂರಿ, ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕೂರಿಸಿಕೊಂಡು, ಎಲ್ಲಿ ನೋಡುತ್ತೀರಿ ಎಂದು ಬಿಡಿಸಿ ಕೇಳಿ.