ಪೆಟ್ಟಿಗೆಯ ವರ್ಗಾವಣೆ

ಕಿಕ್ ಹೊಡೆಯುವ ಕಡ್ಡಿಯೇ ಗೇರ್ ಹಾಕುವ ಕಡ್ಡಿಯೂ ಆಗಿರುವ ಬೈಕನ್ನು ಈಗಿನ ಮಕ್ಕಳು ನೋಡಿರಲಿಕ್ಕಿಲ್ಲ. ಯೆಜ್ಡಿಯದು ಹಾಗೆ. ಎಡಗಾಲಿನ ಬದಿಯ ಕಡ್ಡಿಯನ್ನು ಒಳಗೆ ಒತ್ತಿ ಮೇಲೆತ್ತಿದರೆ ಅದು ಕಿಕ್ಕರ್. ಎಂಜಿನ್ ಶುರುವಾದ ಮೇಲೆ ಮುಂದಕ್ಕೆ ಮಡಚಿದರೆ ಅದೇ ಗೇರ್. ಇಂಥ ಬೈಕನ್ನು ಕದಿಯಲು ಬಂದವನೂ ಮೊದಲು ಮಾಲೀಕನಿಂದ ಅರ್ಧ ಗಂಟೆ ಪಾಠ ಹೇಳಿಸಿಕೊಳ್ಳಬೇಕಾಗುತ್ತದೆ.

ಇದು ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಗಾಡಿ. ಜಾವಾ ಎಂಬ ಹೆಸರು ಚೆಕ್ ದೇಶದ್ದು. ಜಾನೆಚೆಕ್ ಎಂಬ ಕಾರ್ಖಾನೆ ಮಾಲೀಕ ವಾಂಡರರ್ ಎಂಬ ಜರ್ಮನ್ ಬೈಕಿನ ತಯಾರಿಕೆಯ ಹಕ್ಕು ಕೊಂಡಾಗ, ತನ್ನ ಹೆಸರಿನ ‘ಜಾ’ಕ್ಕೆ ಆ ಹೆಸರಿನ ‘ವಾ’ ಸೇರಿಸಿದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಆಮೇಲೆ ಅದೇ ಕಾರ್ಖಾನೆಯಿಂದ ಯೆಜ್ಡಿ ಬಂತು, 1978ರಲ್ಲಿ ಯೆಜ್ಡಿ ರೋಡ್‌ಕಿಂಗ್. 250 ಸಿಸಿ, ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ನನ್ನದು 1984ರದ್ದು. ಬ್ಯಾಂಕಿನ ನೌಕರರ ವಾಹನ ಸಾಲದಲ್ಲಿ ಕೊಂಡದ್ದು; ಸಂಬಳದಲ್ಲಿ ಕಂತು ಮುರಿದುಕೊಳ್ಳುತ್ತಿದ್ದರು. ಸಿದ್ದಾಪುರಕ್ಕೆ, ಯಲ್ಲಾಪುರಕ್ಕೆ, ಮತ್ತೆ ಶಿರಸಿಗೆ ನನಗೆ ವರ್ಗವಾದಾಗಲೆಲ್ಲ ಹಾಸಿಗೆಯ ಸುರುಳಿ ಕಟ್ಟಿಕೊಂಡು ಜೊತೆಗೆ ಬಂದದ್ದು ಅದೇ. ಕಾರ್ಖಾನೆ 1996ರಲ್ಲಿ ಮುಚ್ಚಿತು. ನನ್ನ ಗಾಡಿ ನಿಲ್ಲಲಿಲ್ಲ.

ನಿಲ್ಲಲು ಶುರುವಾದದ್ದು ಎರಡು ವರ್ಷದ ಹಿಂದೆ.

ಮಕ್ಕಳಿಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಸಿಲಿಂಡರಿನೊಳಗೆ ಪೆಟ್ರೋಲು ಮತ್ತು ಗಾಳಿ ಒತ್ತಿಕೊಂಡಿರುವ ಗಳಿಗೆಗೆ ಸರಿಯಾಗಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕು. ಟೂ ಸ್ಟ್ರೋಕ್ ಎಂಜಿನ್ ಒಂದು ಸುತ್ತು ತಿರುಗಿದರೆ ಒಂದು ಕಿಡಿ. ನಿಮಿಷಕ್ಕೆ 3,000 ಸುತ್ತು ಎಂದರೆ ಸೆಕೆಂಡಿಗೆ 50 ಕಿಡಿ. ಹಿಂದೆ ಈ ಕೆಲಸಕ್ಕೆ ಗಾಡಿಯಲ್ಲಿ ಪಾಯಿಂಟ್ ಇತ್ತು, ತೆರೆದು ಮುಚ್ಚುವ ಪುಟ್ಟ ಲೋಹದ ತುಟಿಗಳು. ನಮ್ಮ ಮಳೆಗಾಲದ ತೇವಕ್ಕೆ ಅದನ್ನು ಆಗಾಗ ಉಜ್ಜಿ, ಸಂದು ಅಳೆದು ಕೂರಿಸಬೇಕು. ಬೆರಳಿನ ಕಸುವು ಕಡಿಮೆಯಾದ ಮೇಲೆ ನಾಲ್ಕು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಅದನ್ನು ತೆಗೆಸಿ ಸಿಡಿಐ ಹಾಕಿಸಿದೆ. ಸಿಡಿಐ ಎಂದರೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಪ್ಪು ಪೆಟ್ಟಿಗೆ. ನಮ್ಮ ತೋಟದ ಕೆರೆಯಲ್ಲಿ ನೀರು ತುಂಬಿಸಿಟ್ಟು ಒಮ್ಮೆಲೇ ತೂಬು ಎತ್ತುತ್ತೇವಲ್ಲ, ಹಾಗೆ ಅದು ಕೆಲವು ನೂರು ವೋಲ್ಟಿನ ವಿದ್ಯುತ್ತನ್ನು ಕೂಡಿಟ್ಟು ಸರಿಯಾದ ಕ್ಷಣಕ್ಕೆ ಕಾಯಿಲ್‌ಗೆ ಬಿಡುತ್ತದೆ. ಕಾಯಿಲ್ ಅದನ್ನು ಸಾವಿರಾರು ವೋಲ್ಟಿಗೆ ಏರಿಸಿ ಪ್ಲಗ್ಗಿಗೆ ಕಳಿಸುತ್ತದೆ. ಉಜ್ಜುವುದಿಲ್ಲ, ಅಳೆಯುವುದಿಲ್ಲ. ಊರೊಳಗೆ ಓಡಾಡುವಷ್ಟು ದಿನ ಸುಖವಾಗಿತ್ತು.

ಮಗಳ ಸಂಸಾರ ಕುಮಟಾಕ್ಕೆ ಬಂದ ಮೇಲೆ ದೇವಿಮನೆ ಘಟ್ಟ ಇಳಿದು ಹತ್ತುವುದು ಶುರುವಾಯಿತು. ಒಂದು ಸಂಜೆ ಹಿಂದೆ ಮೊಮ್ಮಗಳನ್ನು ಕೂರಿಸಿಕೊಂಡು ಘಟ್ಟ ಹತ್ತುತ್ತಿದ್ದೇನೆ, ತಿರುವಿನಲ್ಲಿ ಎಂಜಿನ್ ತಟ್ಟನೆ ಸತ್ತುಹೋಯಿತು. ಮಳೆ, ಮಂಜು, ಮಬ್ಬುಗತ್ತಲೆ. ಹಿಂದೆ ಲಾರಿಯ ಸದ್ದು. ಇಬ್ಬರೂ ಸೇರಿ ಗಾಡಿಯನ್ನು ಚರಂಡಿಯ ಅಂಚಿಗೆ ತಳ್ಳುವಷ್ಟರಲ್ಲಿ ಲಾರಿ ಮೈಗೆ ಗಾಳಿ ಬಡಿಸಿಕೊಂಡು ಹೋಯಿತು. ಅರ್ಧ ಗಂಟೆ ಕಳೆದು ಕಿಕ್ ಹೊಡೆದರೆ, ಏನೂ ಆಗಿಲ್ಲವೆಂಬಂತೆ ಶುರು!

ಹೀಗೆ ಮತ್ತೆರಡು ಸಲ ಆಯಿತು. ಮಗಳು ಒಂದೇ ಮಾತಿನಲ್ಲಿ ಮುಗಿಸಿದಳು: “ಅಪ್ಪಯ್ಯ, ನೀನು ಬೇಕಾದ್ರೆ ಹೋಗು. ಕೂಸನ್ನ ಮಾತ್ರ ಅದರ ಮೇಲೆ ಕರ್ಕಂಡು ಹೋಗಡ.” ಬೆಂಗಳೂರಿನ ಮಗ ಇನ್ನೂ ಮುಂದೆ ಹೋಗಿ, ಹುಬ್ಬಳ್ಳಿಯ ಒಬ್ಬ ಗಿರಾಕಿಯನ್ನು ಗೊತ್ತುಮಾಡಿದ. ಹಳೆಯ ಯೆಜ್ಡಿಗೆ ಈಗ ಒಳ್ಳೆಯ ಬೆಲೆ ಇದೆಯಂತೆ. ರಜೆ ಮುಗಿಯುವುದರೊಳಗೆ ಬಂದು ನೋಡುತ್ತೇನೆ ಎಂದ ಗಿರಾಕಿ. ನನ್ನ ಹೆಂಡತಿ ಯಾರ ಪರವೂ ಮಾತಾಡಲಿಲ್ಲ. ಗಾಡಿ ಒರೆಸುವ ಹಳೇ ಪಂಚೆಯನ್ನು ಮಾತ್ರ ಒಗೆದು ಮಡಚಿಟ್ಟಳು.

ಗಾಡಿಯ ರೋಗಕ್ಕೆ ನಮ್ಮಲ್ಲಿ ವೈದ್ಯರಿಗೆ ಬರವಿಲ್ಲ. ಪ್ಲಗ್ ಎಂದರು, ಬದಲಿಸಿದೆ. ಕಾರ್ಬೊರೇಟರಿನಲ್ಲಿ ನೀರು ಎಂದರು, ಬಿಚ್ಚಿ ತೊಳೆದಾಯಿತು. ಪೆಟ್ರೋಲಿಗೆ ಬೆರೆಸುವ ಆಯಿಲ್ ಜಾಸ್ತಿ ಎಂದರು. ಎಲ್ಲರೂ ಒಪ್ಪಿದ್ದು ಮಾತ್ರ ಒಂದೇ ಮಾತು: ಮಳೆ ನೀರು ಎಲ್ಲೋ ಒಳಗೆ ಹೋಗುತ್ತಿದೆ. ನಾನು ಬ್ಯಾಂಕಿನಲ್ಲಿ ಕಲಿತದ್ದು ಬೇರೆ. ದಿನದ ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೆ ಜೇಬಿನಿಂದ ಹತ್ತು ಪೈಸೆ ಹಾಕಿ ಮನೆಗೆ ಹೋಗುವಂತಿಲ್ಲ. ಒಂದೊಂದೇ ಚೀಟಿ ತಾಳೆ ನೋಡಬೇಕು. ಹಾಗಾಗಿ ಗಾಡಿ ನಿಂತಾಗಲೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದೆ: ತಾರೀಖು, ಹೊರಟ ಹೊತ್ತು, ನಿಂತ ಜಾಗ, ಮಳೆ ಇತ್ತೇ ಇಲ್ಲವೇ, ಎಷ್ಟು ಹೊತ್ತಿಗೆ ಮತ್ತೆ ಶುರುವಾಯಿತು.

ಏಪ್ರಿಲ್ ರಜೆಗೆ ಬಸ್ಸಿನಲ್ಲಿ ಬಂದ ಮೊಮ್ಮಗಳು ಏಳನೆಯ ಕ್ಲಾಸು ಮುಗಿಸಿದ್ದಳು. ಜಗಲಿಯಲ್ಲಿ ಕೂತು ಆ ನೋಟ್‌ಬುಕ್ ತಿರುವಿದವಳು ಕೇಳಿದಳು: “ಅಜ್ಜ, ಇಳಿಯಕಾರೆ ಒಂದ್ ಸಲನೂ ನಿಂದಿದ್ದಿಲ್ಲೆ, ನೋಡಿದ್ಯಾ?” ನಿಜ. ಬರೆದಿಟ್ಟಿದ್ದ ಏಳೂ ಸಲ ನಿಂತದ್ದು ಕುಮಟಾದಿಂದ ಮೇಲೆ ಬರುವಾಗ. ಏಳರಲ್ಲಿ ಎರಡು ಫೆಬ್ರವರಿಯವು, ಹನಿ ಮಳೆ ಇಲ್ಲದ ದಿನಗಳು. ಅಂದರೆ ನೀರಲ್ಲ, ಕಾವು. ಘಟ್ಟ ಹತ್ತುವಾಗ ಎಂಜಿನ್ ದುಡಿದು ಕಾಯುತ್ತದೆ, ಇಳಿಯುವಾಗ ತಣ್ಣಗಿರುತ್ತದೆ.

ಮುಂದಿನ ಸಲ ನಾನೊಬ್ಬನೇ ಹೋಗಿ, ಬೇಕೆಂದೇ ಘಟ್ಟ ಹತ್ತಿದೆ. ನಿಂತಿತು. ಜೊತೆಗೆ ಒಯ್ದಿದ್ದ ಇನ್ನೊಂದು ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಕಿಕ್ ಹೊಡೆದರೆ ಕಿಡಿಯೇ ಇಲ್ಲ. (ಮಕ್ಕಳೇ, ಇದನ್ನು ನೀವು ಮಾಡಬೇಡಿ. ಆ ವೈರು ಕೊಡುವ ಹೊಡೆತ ಸಣ್ಣದಲ್ಲ, ಪೆಟ್ರೋಲ್ ಸೋರಿದ್ದರೆ ಬೆಂಕಿಯೂ ಹತ್ತೀತು.) ಕಿಡಿ ಇಲ್ಲವೆಂದಮೇಲೆ ಪೆಟ್ರೋಲು, ಕಾರ್ಬೊರೇಟರು ಎಲ್ಲ ಬಿಡುಗಡೆ. ಕೀಲಿಯಿಂದ ಬರುವ, ಎಂಜಿನ್ ಆರಿಸುವ ವೈರನ್ನು ಕಳಚಿ ನೋಡಿದೆ, ಆಗಲೂ ಇಲ್ಲ. ಹಾಗಾದರೆ ಕೀಲಿಯ ದೋಷವೂ ಅಲ್ಲ. ಉಳಿದದ್ದು ಕಾಯಿಲ್ ಮತ್ತು ಪೆಟ್ಟಿಗೆ. ಬಾಟಲಿಯ ನೀರಿನಲ್ಲಿ ಟವೆಲ್ ನೆನೆಸಿ ಹಿಂಡಿ, ಪೆಟ್ಟಿಗೆಯ ಮೈಗೆ ಮಾತ್ರ ಸುತ್ತಿ ಹಿಡಿದೆ. ಎರಡು ನಿಮಿಷಕ್ಕೆ ಕಿಡಿ ಬಂತು, ನೀಲಿ ಬಣ್ಣದ್ದು.

ಮೊಮ್ಮಗಳಿಗೆ ಇಷ್ಟು ಸಾಲಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು ಎಂದು ಅವಳ ವಿಜ್ಞಾನದ ಟೀಚರು ಹೇಳಿಕೊಟ್ಟಿದ್ದಾರಂತೆ. ಅಂಗಳದಲ್ಲಿ ತಣ್ಣಗಿದ್ದ ಗಾಡಿಯನ್ನು ಶುರುಮಾಡಿಸಿ, ಕೂದಲು ಒಣಗಿಸುವ ಹೇರ್ ಡ್ರೈಯರ್ ತಂದು ನನ್ನ ಕೈಗೆ ಕೊಟ್ಟಳು. ಮೊದಲು ಕಾಯಿಲ್‌ಗೆ ಬಿಸಿಗಾಳಿ. ಹತ್ತು ನಿಮಿಷ ಊದಿದರೂ ಎಂಜಿನ್ ತನ್ನ ಪಾಡಿಗೆ ಓಡುತ್ತಿತ್ತು. ಆಮೇಲೆ ಪೆಟ್ಟಿಗೆಗೆ. ನಾಲ್ಕನೆಯ ನಿಮಿಷಕ್ಕೆ ಎರಡು ಸಲ ಸೀನಿ ನಿಂತಿತು! ಗಾಡಿಗೆ ತಲೆ ಒಣಗಿಸುವ ಅಜ್ಜನನ್ನು ನೋಡಲು ಪಕ್ಕದ ಮನೆಯವರು ಬೇಲಿಯ ಹತ್ತಿರ ನಿಂತಿದ್ದರು.

ಪೆಟ್ಟಿಗೆಯ ಒಳಗನ್ನು ಗಟ್ಟಿ ಅಂಟಿನಿಂದ ತುಂಬಿರುತ್ತಾರೆ, ಬಿಚ್ಚಲಾಗದು. ಒಳಗಿನ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಬಿದ್ದರೆ ಕಾದಾಗ ಹಿಗ್ಗಿ ಬಾಯಿ ಬಿಡುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಹೊಸ ಪೆಟ್ಟಿಗೆ ತರಿಸಿ ಅದೇ ಜಾಗದಲ್ಲಿ ಹಾಕಿಬಿಡಿ ಎಂದ ನಮ್ಮ ಪೇಟೆಯ ಮೆಕ್ಯಾನಿಕ್. ಅವನಿಗೆ ನಾನು ಜಾಗ ತೋರಿಸಿದೆ. ಟ್ಯಾಂಕಿನ ಅಡಿ, ಸಿಲಿಂಡರಿನ ನೆತ್ತಿಯ ಬೆನ್ನಿಗೇ ಅದನ್ನು ಬಿಗಿದಿದ್ದರು. ಕೆಳಗಿನಿಂದ ಎಂಜಿನ್ನಿನ ಕಾವು, ಮೇಲೆ ಟ್ಯಾಂಕು, ಗಾಳಿಗೆ ದಾರಿಯಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆ ಒಣಗಬಹುದು, ಮನುಷ್ಯ ಕೂರಲಾದೀತೇ? ಹೊಸದನ್ನು ಅಲ್ಲೇ ಕೂರಿಸಿದರೆ ಅದಕ್ಕೂ ಒಂದೆರಡು ವರ್ಷ ಆಯುಷ್ಯ ಅಷ್ಟೆ. “ಹಾಗಾದ್ರೆ ಟ್ರಾನ್ಸ್‌ಫರ್ ಮಾಡುವಾ ಸಾರ್” ಎಂದ ಅವನು. ಬ್ಯಾಂಕಿನಲ್ಲಿ ನನ್ನ ಒಂದು ವರ್ಗಾವಣೆಯೂ ಇಷ್ಟು ಬೇಗ ಮಂಜೂರಾಗಿರಲಿಲ್ಲ.

ಸೀಟಿನ ಕೆಳಗೆ ಬದಿಯಲ್ಲಿರುವ ಟೂಲ್ ಬಾಕ್ಸ್ ಹೊಸ ಠಾಣೆಯಾಯಿತು. ಎಂಜಿನ್ನಿನ ಕಾವು ಅಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲ. ವೈರುಗಳು ಒಂದೂವರೆ ಅಡಿ ಸಾಲದೆ ಬಂದವು. ಅದೇ ದಪ್ಪದ, ಅದೇ ಬಣ್ಣದ ವೈರು ಸೇರಿಸಿ, ಪ್ರತಿ ಜೋಡಣೆಗೂ ಬೆಸುಗೆ ಹಾಕಿ, ಮೇಲೆ ತೋಳು ಏರಿಸಿದ. ಬಣ್ಣ ತಪ್ಪಿದರೆ ಮುಂದೆ ಬಿಚ್ಚುವವನಿಗೆ ಕಣ್ಣು ಕಟ್ಟಿದಂತೆ. ತಗಡಿನ ತೂತಿನ ಅಂಚು ವೈರನ್ನು ಕೊರೆಯದಂತೆ ರಬ್ಬರ್ ಬಳೆ. ಯೆಜ್ಡಿಯ ನಡುಕ ಗೊತ್ತಿದ್ದವರಿಗೆ ಗೊತ್ತು, ಅದಕ್ಕಾಗಿ ಪೆಟ್ಟಿಗೆಯ ಅಡಿಗೆ ಸೈಕಲ್ ಟ್ಯೂಬಿನ ಎರಡು ಪದರ. ಅರ್ತ್ ವೈರನ್ನು ಬಣ್ಣದ ಮೇಲೆ ಬಿಗಿಯಲು ಹೊರಟಿದ್ದವನನ್ನು ತಡೆದು, ಲೋಹ ಹೊಳೆಯುವವರೆಗೆ ಕೆರೆಸಿ ಬಿಗಿಸಿದೆ. ಪ್ಲಗ್ಗಿನ ದಪ್ಪ ವೈರಿನಿಂದ ಉಳಿದವನ್ನು ದೂರ ಇಟ್ಟೆವು. ಪೆಟ್ಟಿಗೆಗೆ ಸೇರುವ ಮುನ್ನ ವೈರುಗಳು ಒಮ್ಮೆ ಕೆಳಕ್ಕೆ ಜೋತು ಮೇಲೇರುವಂತೆ ಬಿಟ್ಟರೆ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ. ಇದು ಮೊಮ್ಮಗಳಿಗೆ ಬಹಳ ಹಿಡಿಸಿತು. ಟೂಲುಗಳಿಗೆ ಜಾಗ ಉಳಿಯಲಿಲ್ಲ. ಅವು ಈಗ ನನ್ನ ಹಳೆಯ ಟಿಫಿನ್ ಚೀಲದಲ್ಲಿವೆ.

ಮೇ ಎರಡನೆಯ ವಾರ ಒಬ್ಬನೇ ಎರಡು ಸಲ ಘಟ್ಟ ಇಳಿದು ಹತ್ತಿದೆ. ನಿಲ್ಲಲಿಲ್ಲ. ನೋಟ್‌ಬುಕ್ಕಿನಲ್ಲಿ ‘ನಿಂತ ಜಾಗ’ದ ಕಾಲಂ ಎರಡು ಸಾಲು ಖಾಲಿ ಉಳಿಯಿತು. ಮೂರನೆಯ ಸಲ ಕುಮಟಾದ ಮನೆ ಮುಂದೆ ಗಾಡಿ ನಿಲ್ಲಿಸಿ ವಿಷಯ ಹೇಳಿದೆ. ರಜೆ ಮುಗಿಸಿ ಮನೆಗೆ ಬಂದಿದ್ದ ಮೊಮ್ಮಗಳು ಆಗಲೇ ಹೆಲ್ಮೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮಗಳು ಅದನ್ನು ಅವಳ ತಲೆಯಿಂದ ತೆಗೆದು ತಾನು ಹಾಕಿಕೊಂಡಳು. “ಮೊದ್ಲು ಆನು ಕೂತ್ಗಂಡು ನೋಡ್ತಿ” ಎಂದಳು.

ಕತಗಾಲ ದಾಟಿ ಘಟ್ಟ ಶುರುವಾದ ಮೇಲೆ ಅವಳು ಮಾತು ನಿಲ್ಲಿಸಿದಳು. ಹಿಂದಿನ ಸಲ ನಿಂತಿದ್ದ ತಿರುವಿಗೆ ಬಂದಾಗ ಅವಳ ಕೈ ನನ್ನ ಅಂಗಿಯನ್ನು ಹಿಡಿದದ್ದು ಗೊತ್ತಾಯಿತು. ದೇವಿಮನೆ ದಾಟಿ ಬಂಡಲಕ್ಕೆ ಬಂದಾಗ, ಚಹಾ ಕುಡಿಯುವ ಎಂದಳು. ಕಾದ ಎಂಜಿನ್ನನ್ನು ಕೀಲಿ ತಿರುಗಿಸಿ ಆರಿಸಿದೆ. ಚಹಾ ಕುಡಿದು ಬಂದವಳು ಸೀಟಿನ ಬದಿಯ ಟೂಲ್ ಬಾಕ್ಸ್ ಮೇಲೆ ಅಂಗೈ ಇಟ್ಟು ನೋಡಿದಳು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಆಮೇಲೆ ಮಗನಿಗೆ ಫೋನ್ ಹಚ್ಚಿ, ಆ ಹುಬ್ಬಳ್ಳಿಯವರಿಗೆ ಬರುವುದು ಬೇಡವೆಂದು ಹೇಳು ಎಂದಳು. ನಾನು ಕಡ್ಡಿ ಮೇಲೆತ್ತಿ ಕಿಕ್ ಹೊಡೆದೆ.