ಬೆಳ್ಳಿಯ ನೀರು

ಮನೆಯಲ್ಲಿ ಉಪ್ಪಿನಕಾಯಿ ಹಾಕುವವರುಂಟು, ಕಾಡಿಗೆ ಮಾಡುವವರುಂಟು; ನಾನು ಬೆಳ್ಳಿಯ ನೀರನ್ನು ಮಾಡಿದವನು. ಹೆಮ್ಮೆಯಿಂದ ಈ ಮಾತನ್ನು ಹೇಳುತ್ತಿಲ್ಲ; ಆದರೆ ಮುಚ್ಚಿಟ್ಟುಕೊಳ್ಳಲೂ ಮನಸ್ಸು ಒಪ್ಪುವುದಿಲ್ಲ. ನನ್ನಂತೆ ಅರ್ಧ ತಿಳಿದವರು ನಾಲ್ಕು ಮಂದಿ ಓದಿ ಎಚ್ಚತ್ತರೆ ಸಾಕು.

2020ನೆಯ ಇಸವಿಯ ಏಪ್ರಿಲ್ ತಿಂಗಳು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತ್ತು. ಹಲಸೂರಿಗೂ ಇಂದಿರಾನಗರಕ್ಕೂ ನಡುವೆ ಸದಾ ಗಿಜಿಗುಟ್ಟುವ ನಮ್ಮ ಜೋಗುಪಾಳ್ಯದಲ್ಲಿ ಕಾಗೆಯ ಕೂಗನ್ನು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹಳೆಯ ಮದರಾಸು ರಸ್ತೆ ಬರಿದಾಗಿ ಬಿಸಿಲಿನಲ್ಲಿ ಮಲಗಿತ್ತು. ಮೆಟ್ರೊ ಹಳಿಗಳ ಮೇಲೆ ಗಾಡಿಯ ಸುಳಿವಿರಲಿಲ್ಲ. ಮಗಳು ದೂರದೇಶದಲ್ಲಿ, ಮನೆಯಲ್ಲಿ ನಾನು, ನನ್ನಾಕೆ ಇಬ್ಬರೇ. ವಯಸ್ಸಾದವರು ಹೊಸಲು ದಾಟಬಾರದೆಂದು ಎಲ್ಲೆಡೆಯೂ ಸಾರುತ್ತಿದ್ದರು. ಕೈಕಟ್ಟಿ ಕುಳಿತ ಮನುಷ್ಯನಿಗೆ ಭಯಪಡುವುದೊಂದೇ ಉದ್ಯೋಗ. ಅಂತಹ ಹೊತ್ತಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಫೋನಿಗೆ ಒಂದು ವಿಧಾನವನ್ನು ಕಳುಹಿಸಿದರು. ಬೆಳ್ಳಿಯ ಸೂಕ್ಷ್ಮ ಕಣಗಳು ತೇಲುವ ನೀರನ್ನು ಮನೆಯಲ್ಲಿಯೇ ಮಾಡಬಹುದಂತೆ. ಗಾಯಕ್ಕೆ ಹಚ್ಚಬಹುದಂತೆ, ಕುಡಿಯಲೂಬಹುದಂತೆ. ಯಾವ ರೋಗಾಣುವೂ ಅದರ ಮುಂದೆ ನಿಲ್ಲದಂತೆ!

ನಂಬದಿರಲು ನನಗೆ ಕಾರಣ ಕಾಣಲಿಲ್ಲ. ನಮ್ಮ ಮನೆಗಳಲ್ಲಿ ಕೂಸಿಗೆ ಹಾಲು ಕುಡಿಸುವುದು ಬೆಳ್ಳಿಯ ಒಳಲೆಯಿಂದ. ತೀರ್ಥ ಕೊಡುವುದು ಬೆಳ್ಳಿಯ ಬಟ್ಟಲಿನಿಂದ. ಆಯುರ್ವೇದದಲ್ಲಿ ರಜತಭಸ್ಮವೂ ಉಂಟು. ಜರ್ಮನಿಯ ವೈದ್ಯ ಕ್ರೇಡೆ 1880ರ ಸುಮಾರಿನಲ್ಲಿ ಹಸುಗೂಸುಗಳ ಕಣ್ಣಿಗೆ ಬೆಳ್ಳಿಯ ಲವಣದ ಹನಿ ಹಾಕಿ ಎಷ್ಟೋ ಮಕ್ಕಳ ದೃಷ್ಟಿಯನ್ನು ಉಳಿಸಿದನೆಂದು ಹಿಂದೆಂದೋ ಓದಿದ್ದೆ. ಇಷ್ಟು ಸಾಕ್ಷಿ ಸಾಲದೆ?

ಅಂಗಡಿಗಳು ಮುಚ್ಚಿದ್ದುದರಿಂದ ಅಪ್ಪಟ ಬೆಳ್ಳಿಯ ತಂತಿ ಸಿಗುವಂತಿರಲಿಲ್ಲ. ಲಕ್ಷ್ಮೀಪೂಜೆಗೆ ಇಡುವ ವಿಕ್ಟೋರಿಯಾ ರಾಣಿಯ ಎರಡು ರೂಪಾಯಿಗಳು ನೆನಪಾದುವು. ಆ ನಾಣ್ಯದಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಮಾತ್ರ ಬೆಳ್ಳಿ, ಮಿಕ್ಕದ್ದು ಕೀಳು ಲೋಹ. ಅದೂ ನೀರಿಗಿಳಿಯುತ್ತದೆಂಬ ಯೋಚನೆ ಆಗ ಬರಲಿಲ್ಲ. ಒಂಬತ್ತು ವೋಲ್ಟಿನ ಮೂರು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ, ಎರಡು ತುದಿಗೆ ಎರಡು ರೂಪಾಯಿಗಳನ್ನು ಸಿಕ್ಕಿಸಿ, ಗಾಜಿನ ಲೋಟದೊಳಕ್ಕೆ ಇಳಿಬಿಟ್ಟೆ. ಮೊದಲ ಸಲ ತುಂಬಿದ್ದು ನಲ್ಲಿಯ ನೀರು. ಸ್ವಲ್ಪ ಹೊತ್ತಿನಲ್ಲಿ ಅದು ಹಾಲು ಬೆರೆಸಿದಂತೆ ಬೆಳ್ಳಗಾಯಿತು. ನಲ್ಲಿಯ ನೀರಿನಲ್ಲಿರುವ ಕ್ಲೋರೈಡಿನೊಡನೆ ಬೆಳ್ಳಿ ಕೂಡಿಕೊಂಡರೆ ಹಾಗಾಗುತ್ತದೆಂದು ಆಮೇಲೆ ತಿಳಿಯಿತು. ಅದನ್ನು ಚೆಲ್ಲಿ, ಇನ್ವರ್ಟರಿಗೆಂದು ತಂದಿಟ್ಟಿದ್ದ ಬಟ್ಟಿಯಿಳಿಸಿದ ನೀರನ್ನು ಸುರಿದೆ. ಈ ಸಲ ನೀರು ತಿಳಿಯಾಗಿಯೇ ಉಳಿದು, ಗಂಟೆ ಕಳೆದಮೇಲೆ ತುಸು ಹಳದಿ ಛಾಯೆಗೆ ತಿರುಗಿತು. ದೀಪವಾರಿಸಿ ಟಾರ್ಚು ಬಿಟ್ಟೆ: ಲೋಟದ ನಡುವೆ ಬೆಳಕಿನ ಕೋಲೊಂದು ನಿಂತಿತು! ಫ್ಯಾರಡೆ ಮಹಾಶಯ 1857ರಲ್ಲಿ ಚಿನ್ನದ ಕಣಗಳ ದ್ರವದಲ್ಲಿ ಕಂಡದ್ದೂ ಇಂತಹುದನ್ನೇ. ನಾನೂ ಒಬ್ಬ ವಿಜ್ಞಾನಿಯೆಂದು ಎದೆಯುಬ್ಬಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನಾಕೆ ಕೇಳಿದಳು: "ಅದ್ರಲ್ಲಿ ಬೆಳ್ಳಿ ಎಷ್ಟಿದೆ ಅಂತ ಗೊತ್ತೇನ್ರೀ?"

"ಬೇಕಾದಷ್ಟಿದೆ" ಎಂದೆ.

ಅದು ಉತ್ತರವಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ದಿನಕ್ಕೊಂದು ಚಮಚದಂತೆ ಒಂದು ವಾರ ನಾನೇ ಕುಡಿದೆ. ಅವಳು ಮುಟ್ಟಲಿಲ್ಲ.

ಆ ವಾರದ ಕೊನೆಯಲ್ಲಿ ಕುದಿಯುವ ಸಾರಿನ ಪಾತ್ರೆ ಜಾರಿ ಅವಳ ಮುಂಗೈ ಬೆಂದಿತು. ತಣ್ಣೀರಿನ ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕಾಗಿದ್ದ ಕೈಗೆ ನಾನು ಬೆಳ್ಳಿಯ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಸುತ್ತಿದೆ. ನೋವಿನಲ್ಲಿದ್ದವಳು ಬೇಡವೆನ್ನಲಿಲ್ಲ. ಮಾರನೆಯ ದಿನ ಗುಳ್ಳೆ ಒಡೆಯಿತು. ಮೂರನೆಯ ದಿನ ಕೀವು ಕಾಣಿಸಿತು. ಅಂದು ರಾತ್ರಿ ಮೈ ಕಾದಿತು. ಆ ದಿನಗಳಲ್ಲಿ ಜ್ವರವೆಂಬ ಮಾತೇ ಗಂಡಾಂತರ. ಆಸ್ಪತ್ರೆಗೆ ಹೋದರೆ ಎಲ್ಲಿ ನಮ್ಮಿಬ್ಬರನ್ನು ಬೇರೆಬೇರೆ ಮಾಡಿಬಿಡುವರೋ ಎಂದು ಅಂಜಿ ಇಡೀ ರಾತ್ರಿ ಬಟ್ಟೆ ಬದಲಾಯಿಸುತ್ತ ಕುಳಿತೆ. ಬೆಳಗಿನ ಜಾವ ಅವಳೇ ಎದ್ದು, "ನಿಮ್ಮ ನೀರು ಸಾಕು, ಡಾಕ್ಟರ ಹತ್ರ ಕರ್ಕೊಂಡು ಹೋಗ್ರಿ" ಎಂದಳು.

ಹತ್ತಿರದ ವೈದ್ಯೆ ಗಾಯವನ್ನು ತೊಳೆದು, ಬಿಳಿಯ ಮುಲಾಮನ್ನು ಹಚ್ಚಿ, ಮಾತ್ರೆ ಬರೆದುಕೊಟ್ಟರು. ನಾನು ಅಳುಕುತ್ತ ನಡೆದುದನ್ನೆಲ್ಲ ಒಪ್ಪಿಕೊಂಡೆ. ಅವರು ಬಯ್ಯಲಿಲ್ಲ, ಮುಲಾಮಿನ ಕೊಳವೆಯನ್ನು ನನ್ನ ಕೈಗೆ ಕೊಟ್ಟು, "ಇದರಲ್ಲೂ ಬೆಳ್ಳಿಯೇ ಇದೆ, ನೋಡಿ" ಎಂದರು. ಓದಿದೆ: ಸಿಲ್ವರ್ ಸಲ್ಫಡೈಯಾಜಿನ್, ನೂರಕ್ಕೆ ಒಂದು ಪಾಲು.

ನೂರಕ್ಕೆ ಒಂದು! ನನ್ನಾಕೆಯ ಪ್ರಶ್ನೆಗೆ ಉತ್ತರ ಅಲ್ಲಿ ಅಚ್ಚಾಗಿತ್ತು. ಅಮೆರಿಕದ ವೈದ್ಯ ಚಾರ್ಲ್ಸ್ ಫಾಕ್ಸ್ 1968ರಲ್ಲಿ ಸುಟ್ಟಗಾಯಗಳಿಗಾಗಿ ಲೋಕಕ್ಕೆ ತಿಳಿಸಿದ ಔಷಧವದು. ಬೆಳ್ಳಿಗೆ ರೋಗಾಣುಗಳನ್ನು ಕೊಲ್ಲುವ ಶಕ್ತಿಯುಂಟೆಂಬುದು ಸುಳ್ಳಲ್ಲ. ಎಷ್ಟು, ಎಲ್ಲಿಗೆ, ಎಷ್ಟು ದಿನ ಎಂಬುದನ್ನು ಅಳೆದಾಗಲೇ ಆ ಶಕ್ತಿ ಔಷಧವಾಗುವುದು. ನನ್ನ ಲೋಟದಲ್ಲಿ ಶಕ್ತಿಯಿದ್ದೀತು, ಅಳತೆಯಿರಲಿಲ್ಲ.

ಕುಡಿದುದರ ಮಾತು ಬಂದಾಗ ವೈದ್ಯೆಯ ಮುಖ ಗಂಭೀರವಾಯಿತು. ಮನೆಗೆ ಬಂದು ಹುಡುಕಿ ಓದಿದೆ. ಅಮೆರಿಕದ ಮೊಂಟಾನಾ ಪ್ರಾಂತದ ಸ್ಟ್ಯಾನ್ ಜೋನ್ಸ್ ಎಂಬಾತ, 2000ನೆಯ ಇಸವಿ ಹುಟ್ಟುವಾಗ ಕಂಪ್ಯೂಟರುಗಳು ಕೆಟ್ಟು ಔಷಧಿಗಳೇ ಸಿಗದೆ ಹೋದೀತೆಂದು ಹೆದರಿ, 1999ರಲ್ಲಿ ಇದೇ ನೀರನ್ನು ಮನೆಯಲ್ಲಿ ಮಾಡಿ ಕುಡಿಯತೊಡಗಿದ. 2002ರಲ್ಲಿ ಸೆನೆಟ್ಟಿನ ಚುನಾವಣೆಗೆ ನಿಂತಾಗ ಅವನ ಮುಖ ನೀಲಿ ಬೆರೆತ ಬೂದಿಯ ಬಣ್ಣಕ್ಕೆ ತಿರುಗಿತ್ತು. ಚರ್ಮದಲ್ಲಿ ನೆಲೆನಿಂತ ಬೆಳ್ಳಿ, ಹಳೆಯ ಫೋಟೋ ಫಿಲ್ಮಿನಂತೆಯೇ, ಬೆಳಕಿಗೆ ಕಪ್ಪೇರುತ್ತದೆ. ಬಂದ ಬಣ್ಣ ಸಾಮಾನ್ಯವಾಗಿ ಹೋಗುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಂತಹ ನೀರು ಸುರಕ್ಷಿತವೂ ಅಲ್ಲ, ಗುಣಕಾರಿಯೂ ಅಲ್ಲ ಎಂದು 1999ರಲ್ಲಿಯೇ ಸಾರಿತ್ತು. ನಾನು ಬ್ಯಾಟರಿ ಜೋಡಿಸುವ ಮುಂಚಿನ ತಿಂಗಳು, ಕೋವಿಡ್ ವಾಸಿಮಾಡುತ್ತದೆಂದು ಅದನ್ನು ಮಾರುತ್ತಿದ್ದವರಿಗೆ ಎಚ್ಚರಿಕೆಯ ಪತ್ರವನ್ನೂ ಬರೆದಿತ್ತು. ಲೋಕದ ಭಯವನ್ನು ಕಳೆಯಲು ವಿಷವನ್ನು ಕುಡಿದು ನೀಲಕಂಠನಾದವನು ನಮ್ಮ ಹಲಸೂರಿನ ಸೋಮೇಶ್ವರ. ತನ್ನ ಭಯವನ್ನು ಕಳೆಯಲು ಔಷಧವೆಂದು ಕುಡಿದು ನೀಲಿಯಾಗಲು ಹೊರಟವನು ನಾನು!

ಒಂದು ವಾರದ ಚಮಚಗಳಿಂದ ನನ್ನ ಬಣ್ಣವೇನೂ ಬದಲಾಗಲಿಲ್ಲ. ನನ್ನಾಕೆಯ ಗಾಯವೂ ಮಾಯಿತು. ಮುಂಗೈಯಲ್ಲಿ ಅಂಗೈಯಗಲದ ಕಲೆ ಉಳಿಯಿತು. ಮೊದಲ ದಿನವೇ ವೈದ್ಯೆಯ ಬಳಿಗೆ ಹೋಗಿದ್ದರೆ ಇಷ್ಟು ಉಳಿಯುತ್ತಿರಲಿಲ್ಲವೇನೋ. ಈ ಮಾತನ್ನು ನಾನೇ ಒಮ್ಮೆ ಎತ್ತಿದೆ. "ನೀವೇನು ಸುಮ್ನೆ ಕೂತಿದ್ರಾ? ರಾತ್ರಿಯೆಲ್ಲಾ ಎದ್ದಿದ್ರಲ್ಲ" ಎಂದು ಅವಳು ಮಾತು ಮುಗಿಸಿದಳು. ಅವಳು ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ರೂಪಾಯಿಗಳನ್ನು ವಿಭೂತಿ ಹಾಕಿ ಎಷ್ಟು ಉಜ್ಜಿದರೂ ಒಂದರಲ್ಲಿ ರಾಣಿಯ ಕೆನ್ನೆಯ ಮೇಲೆ ಕಂದು ನೆರಳೊಂದು ಉಳಿದುಬಿಟ್ಟಿದೆ. ಪ್ರತಿ ವರ್ಷ ವರಮಹಾಲಕ್ಷ್ಮಿಯ ದಿನ ನನ್ನಾಕೆ ಅದನ್ನೂ ಜೊತೆಯಲ್ಲಿಯೇ ಇಡುತ್ತಾಳೆ. ಕುಂಕುಮವಿಡಲು ಚಾಚಿದ ಅವಳ ಕೈಯ ಕಲೆಯೂ ನಾಣ್ಯದ ಕಲೆಯೂ ಒಂದು ಕ್ಷಣ ಒಟ್ಟಿಗೆ ಕಾಣುತ್ತವೆ. ನಾನು ಕೈಮುಗಿಯುವ ನೆವದಲ್ಲಿ ಕಣ್ಣುಮುಚ್ಚಿಕೊಳ್ಳುತ್ತೇನೆ.