ಗುರಿಗೆ ಹೂವಿಗೆ ಮರುವರ್ಷವಿಲ್ಲ

ಮೊದಲೆಲ್ಲ ನಮ್ಮ ಚಿಕ್ಕಮಗಳೂರಿನ ಕಡೆ ಹೂ ನೋಡಲೆಂದೇ ಯಾರೂ ಗಿರಿ ಹತ್ತುತ್ತಿರಲಿಲ್ಲ. ದನ ಹುಡುಕಿಕೊಂಡು ಹೋದವರೋ, ಬಾಬಾಬುಡನ್‌ಗಿರಿಗೆ ಹರಕೆ ತೀರಿಸಲು ಹೋದವರೋ ಬಂದು ‘ಈ ಸಲ ಗುರಿಗೆ ಬಿಟ್ಟಿದೆ’ ಎಂದರೆ ಊರಿಗೆಲ್ಲ ಅದೇ ಸುದ್ದಿ. ಮನೆಗೆ ಸೊಸೆ ಬಂದದ್ದು, ಬಾವಿ ತೋಡಿಸಿದ್ದು, ಹಿರಿಯರು ತೀರಿಕೊಂಡದ್ದು ಎಲ್ಲವನ್ನೂ ಅಜ್ಜಿಯರು ಗುರಿಗೆ ಬಿಟ್ಟ ವರ್ಷದಿಂದಲೇ ಲೆಕ್ಕ ಹಾಕುತ್ತಿದ್ದರು. ಈಗ ಸುದ್ದಿ ಮೊಬೈಲಿನಲ್ಲಿ ಬರುತ್ತದೆ, ಹಿಂದೆಯೇ ಕಾರುಗಳ ಸಾಲೂ ಬರುತ್ತದೆ.

ಗುರಿಗೆ ಎಂದರೆ ಕುರಿಂಜಿ. ಅದರ ಕುಲದಲ್ಲಿ ಏಳು ವರ್ಷಕ್ಕೆ ಅರಳುವ, ಹದಿನಾರಕ್ಕೆ ಅರಳುವ ಜಾತಿಗಳೂ ಇವೆ. ಹೆಸರಾದದ್ದು ಮಾತ್ರ 12 ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ. ಪಶ್ಚಿಮಘಟ್ಟ ಸಾಲಿನ ಎತ್ತರದ ಹುಲ್ಲುಗಾವಲೇ ಅದರ ತವರು. ಹೂವಿಲ್ಲದಾಗ ಯಾರೂ ತಿರುಗಿ ನೋಡದ ಒರಟು ಎಲೆಯ ಪೊದೆ. ಹತ್ತಿರ ಕೂತು ನೋಡಿದರೆ ತೆನೆಯಂಥ ಗೊಂಚಲು, ಅದರಲ್ಲಿ ಗಂಟೆಯಾಕಾರದ ನೇರಳೆನೀಲಿ ಹೂಗಳು, ಒಂದೊಂದರೊಳಗೂ ತಲೆ ಹುದುಗಿಸಿದ ತುಡುವೆ ಜೇನು. ಇಡೀ ಗುಡ್ಡ ಒಟ್ಟಿಗೆ ಅರಳುವುದರಲ್ಲಿ ಜಾಣತನವಿದೆ: ಹುಳ, ಹಕ್ಕಿ ತಿಂದಷ್ಟು ತಿಂದರೂ ಮೊಳೆಯಲು ಬೀಜ ಉಳಿಯುತ್ತದೆ. ಬೀಜ ಕಟ್ಟಿದ ಮೇಲೆ ಗಿಡ ಒಣಗಿ ಸಾಯುತ್ತದೆ.

ಹುಲ್ಲುಗಾವಲನ್ನು ನಾವು ಪಾಳುಭೂಮಿ ಎಂದುಕೊಂಡೆವು. ನೀಲಗಿರಿ, ಪಳನಿ, ಮುನ್ನಾರಿನ ಗುಡ್ಡಗಳಲ್ಲಿ ಟೀ ತೋಟ ಹಬ್ಬಿತು, ನೀಲಗಿರಿ ಮರ, ವ್ಯಾಟಲ್ ನೆಡುತೋಪುಗಳು ಬಂದವು, ಆಮೇಲೆ ರಸ್ತೆ, ರೆಸಾರ್ಟು. ಹೂವಿಗಾಗಿಯೇ ಕೇರಳ ಸರ್ಕಾರ 2006ರಲ್ಲಿ ಇಡುಕ್ಕಿ ಜಿಲ್ಲೆಯಲ್ಲಿ ಕುರಿಂಜಿಮಲ ಅಭಯಾರಣ್ಯ ಘೋಷಿಸಬೇಕಾಯಿತು. ನಮ್ಮ ಚಂದ್ರದ್ರೋಣ ಪರ್ವತದಲ್ಲಿ 2022ರಲ್ಲಿ ಗುರಿಗೆ ಅರಳಿದಾಗ ನೋಡಲು ಬಂದವರಿಗೆ ಲೆಕ್ಕವಿರಲಿಲ್ಲ. ಫೋಟೋಕ್ಕೆಂದು ಪೊದೆಯೊಳಗೆ ನುಗ್ಗಿದವರು, ಗೊಂಚಲು ಮುರಿದು ಕಾರಿನ ಮುಂದೆ ಸಿಕ್ಕಿಸಿಕೊಂಡವರು ಎಷ್ಟೋ. ಆ ಗೊಂಚಲು ಕೆಳಗಿನ ಪೇಟೆ ಮುಟ್ಟುವಷ್ಟರಲ್ಲಿ ಬಾಡಿರುತ್ತದೆ.

ಮಲ್ಲಿಗೆಯನ್ನು ಇವತ್ತು ಕಿತ್ತರೆ ನಾಳೆ ಮತ್ತೆ ಬಿಡುತ್ತದೆ. ಗುರಿಗೆಗೆ ಆ ಭಾಗ್ಯವಿಲ್ಲ. ನೀಲಕುರಿಂಜಿ ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸಸ್ಯಪಟ್ಟಿಗೆ ಸೇರಿದೆ, ಕಾಡಿನಲ್ಲಿ ಅದನ್ನು ಕೀಳುವುದು ಅಪರಾಧ. ಆದರೆ ಗುಡ್ಡಗುಡ್ಡಕ್ಕೂ ಕಾವಲು ನಿಲ್ಲಿಸಲು ಯಾವ ಇಲಾಖೆಗೂ ಆಗದು.

ಮುನ್ನಾರಿನಲ್ಲಿ 2018ರಲ್ಲಿ ಅರಳಿದ ಕುರಿಂಜಿ ಇನ್ನು 2030ಕ್ಕೆ ಅರಳಬೇಕು. ಹೋಗಿ, ಮಕ್ಕಳನ್ನೂ ಕರೆದೊಯ್ಯಿರಿ. ದಾರಿಯಲ್ಲೇ ನಿಂತು ಕಣ್ತುಂಬ ನೋಡಿ, ಒಂದು ಗೊಂಚಲನ್ನೂ ಮುರಿಯಬೇಡಿ. ಬೀಜವಾಗುವ ಮೊದಲೇ ಕಿತ್ತ ಹೂವಿನ ಜೊತೆ ಅದರ ಮುಂದಿನ ಪೀಳಿಗೆಯೂ ಹೋಗುತ್ತದೆ.